ಐದನೇ ಫಾರಂ

ಇವತ್ತ ರಾತ್ರಿ ಹನ್ನೆರಡಕ್ಕ ರಿಯಾಯ್ತಿ ಮುಗಿತೈತಿ.
ಇವತ್ತ ರಾತ್ರೀನ ನಳಾ ಬರೂದೈತಿ,
ಹನ್ನೊಂದು ದಿನದ ಮ್ಯಾಲೆ.
ಫಕೀರವ್ವ ಹಿತ್ತಲದಾಗ ಕೊಡ ಸಾಲು ಹಚ್ಚಾಕತ್ತಾಳ,
ನಾ ಪಡಸಾಲ್ಯಾಗ ಗ್ವಾಡಿಗೆ ಆತು ಕುಂತು
ಫೋನಿನ ಮ್ಯಾಲೆ ಬೆರಳ ಎಳ್ಯಾಕತ್ತೀನಿ.

ಇನ್ನೂರಾ ಎಪ್ಪತ್ತು, ಅದಕ್ಕೊಂದು ಅಡ್ಡಗೆರಿ,
ಬಾಜೂಕ ಹತ್ತೊಂಬತ್ತು.
ಹತ್ತೊಂಬತ್ತಕ್ಕ ಮುಳಗುಂದ ನಾಕಾದಾಗ
ಒಂದು ಪ್ಲೇಟ ಬದನೀಕಾಯಿ ಭಜಿನೂ ಬರಂಗಿಲ್ಲ.
ಹಿಂಗ ಅನಕೋತ, ತಿನ್ನದ ಭಜಿ ಲೆಕ್ಕದಾಗ
ನೂರಾ ನಲವತ್ತಮೂರು ಪುಸ್ತಕ ಆಗ್ಯಾವು.
ಅದರಾಗ ನನ್ನ ಕಥಿಗಾರಂದ ಮೂವತ್ತೆಂಟು.
ಅಂವ ಬರದದ್ದ ಮೂವತ್ತಾರು.
ಎರಡು, ಮುಖಪುಟ ಬದಲಾದದ್ದು ನೋಡಿ
ಹೊಸಾವು ಅಂತ ತಿಳದು ಮತ್ತ ತಗೊಂಡಿದ್ದು.

ನಾ ಬೈಂಡರ್ ಇದ್ದಾಂವ.
ಬೆಟಗೇರಿ ಪ್ರೆಸ್ಸಿನ್ಯಾಗ ಇಪ್ಪತ್ತೊಂಬತ್ತು ವರ್ಷ
ಮಡಚೂದು, ಹೊಲಿಯೂದು, ಅಂಟು ಬಳಿಯೂದು.
ಪುಸ್ತಕ ಅಂದ್ರ ನನಗ ಬೆನ್ನು.
ಸುತ್ತಿಗಿಲೇ ಸಾವಕಾಶ ಬಡದು ದುಂಡಗ ಮಾಡೂ ಬೆನ್ನು.
ಇವಕ್ಕ ಅದ ಇಲ್ಲ.

ಮದಲ ಒಂದು ಪುಸ್ತಕ ಕೊಂಡ್ರ
ಮೆಂತೆ ಸಿವುಡಿನ ಕೆಳಗ ಮುಚ್ಚಿ ತರತಿದ್ದೆ.
ಆಕಿ ಚೀಲ ಎತ್ತಿದ್ಲಂದ್ರ ತಿಳೀತಿತ್ತು.
"ಈ ಸರ್ತಿ ಮೆಂತೆ ಭಾಳ ಭಾರ ಬೆಳದೈತಿ" ಅಂತಿದ್ಲು.
ಈಗ ನೂರಾ ನಲವತ್ತಮೂರು ಕಿಸೇದಾಗ ಇಟಗೊಂಡು
ಆಕಿ ಮುಂದ ಹಾದು ಹೋಗತೀನಿ,
ಅಂಗಿ ಒಂದೀಟೂ ಜೋತು ಬೀಳಂಗಿಲ್ಲ.
ತಪ್ಪಿಗೆ ತೂಕ ಬೇಕ್ರಿ.
ಇಲ್ಲಂದ್ರ ಎಲ್ಲಿ ಇಳಿಸೂದು?

ಈ ಹತ್ತೊಂಬತ್ತು ರೂಪಾಯಿದು ಮಾತ್ರ ಬ್ಯಾರೆ.
ನಾನ ಹೊಲದಿದ್ದೆ ಇದನ್ನ, ಸಾವಿರ ಪ್ರತಿ.
ಓದಾಕ ಪುರಸೊತ್ತ ಸಿಗಲಿಲ್ಲ. ಲಾರಿ ಬಂತು, ಹೋತು,
ಮತ್ತ ಅಚ್ಚಾಗಲಿಲ್ಲ.
ರದ್ದಿಯೊಳಗ ಮಸಿ ಬಡದ ಒಂದು ಫಾರಂ ಉಳದಿತ್ತು, ಐದನೇದು.
ಮಡಚಿ ಮನೀಗೆ ತಂದೆ.
ಅರವತ್ತೈದರಿಂದ ಎಂಬತ್ತು.

ಅರವತ್ತೈದರಾಗ ಒಬ್ಬಾಕಿ ಆಗಲೇ ಅಳಾಕತ್ತಿರತಾಳ.
ಎಂಬತ್ತರಾಗ ಪೋಸ್ಟಮನ್ ಸೈಕಲ್ ಇಳದು
"ಇಲ್ಲೊಂದು ಸಹಿ ಬೇಕಾಗಿತ್ತು" ಅಂತಾನ.
ಅಲ್ಲಿಗೆ ಕಾಗದ ತೀರತು.
ಮೂವತ್ತು ವರ್ಷ ಆಂವ ಪೆನ್ನು ಹಿಡಕೊಂಡ ನಿಂತಾನ.
ಆಕಿ ಯಾಕ ಅಳತಾಳ? ನಾನ ಹೇಳತಿದ್ದೆ, ನನಗ ನಾನ:
ಒಂದು ವರ್ಷ ತವರಿನ ಸಲುವಾಗಿ,
ಒಂದು ವರ್ಷ ಗಂಡನ ಮಾತಿಗೆ.
ನಮ್ಮ ಕೂಸು ಹೋದ ವರ್ಷ, ಅದಕ್ಕ.

ಒತ್ತಿದೆ. ರೊಕ್ಕ ಹೋತು, ಪುಸ್ತಕ ಬಂತು.
ಪುಟಕ್ಕ ನಂಬರ ಇಲ್ಲ, ಕೆಳಗ ಪರ್ಸೆಂಟು.
ಅಕ್ಷರ ದೊಡ್ಡದು ಮಾಡಿದ್ರ ಪುಟ ಹೆಚ್ಚತಾವು,
ಸಣ್ಣದು ಮಾಡಿದ್ರ ಕುಗ್ಗತಾವು.
ನನ್ನ ಅರವತ್ತೈದು ಎಲ್ಲೈತಿ ಇದರಾಗ?
ಬೈಂಡರನ ಲೆಕ್ಕ ಹಚ್ಚಿದೆ:
ಇಪ್ಪತ್ನಾಕು ಫಾರಮಿನ ಪುಸ್ತಕ, ನಾಕು ದಾಟಬೇಕು,
ಹದಿನೇಳಕ್ಕ ಚೂರು ಕಡಿಮಿ.
ಓದದನ ಹೊರಳಿಸಿದೆ. ಹನ್ನೆರಡು. ಹದಿನಾಕು.
ಹದಿನಾರಕ್ಕ ಬಂದು ಬೆರಳ ನಿಂತ ಬಿಟ್ಟಿತು.

ತಟಕ್ಕನ ಮ್ಯಾಲೊಂದು ಸಾಲು:
ಇದೇ ಲೇಖಕರ ಕಥೆಗಳು, ಒಂದೇ ಸಂಪುಟದಲ್ಲಿ,
ಇನ್ನು ಇಪ್ಪತ್ತೆರಡು ನಿಮಿಷ ಮಾತ್ರ.
ಎಲ್ಲಾ ಕಥೀನೂ ನನ್ನ ಹತ್ರ ಅದಾವು, ಬಿಡಿಬಿಡಿಯಾಗಿ.
ಆದರೂ ಅಲ್ಲಿಗೆ ಓಡಿದೆ,
ಸಾಲಗಾರನ್ನ ಕಂಡು ಸಂದಿ ಹೊಕ್ಕವರ ಹಂಗ.

ಹಿತ್ತಲದಾಗ ನಳಾ ಕೆಮ್ಮಿತು. ಮದಲ ಬರೇ ಗಾಳಿ.
ಫಕೀರವ್ವ ಹಳೇ ಕೊಡ ಎತ್ತಿ
ಕರಿಬೇವಿನ ಬುಡಕ್ಕ ಸುರುವಾಕತ್ತಿದ್ಲು.
"ಕುಡೀದ ನೀರು, ಯಾಕ ಚೆಲ್ಲತಿ?"
"ಹೊಸಾದು ಬರಾಕತ್ತೈತಲ್ಲ.
ನೀವೇನ ಮಾಡಾಕತ್ತೀರಿ ಕತ್ತಲದಾಗ?"
"ತುಂಬಾಕತ್ತೀನಿ."
"ಹಂಗಾರ ಬರ್ರಿ, ಈ ಡ್ರಮ್ಮಿಗೆ ಕೈ ಹಚ್ಚರಿ."

ಎದ್ದು ಹೋದೆ.
ಕಿಟಕಿ ಕಟ್ಟಿ ಮ್ಯಾಲೆ ಫೋನು ಸ್ವಲ್ಪ ಹೊತ್ತು ಬೆಳಗತಿತ್ತು.
ಹದಿನಾರು ಪರ್ಸೆಂಟಿನ್ಯಾಗ
ಆಕಿ ಇನ್ನೂ ಅತ್ತಿಲ್ಲ.